ಬೆನ್ನು ನೋಡಿ ಕೊಳ್ಳಿ: ಇಟಲಿಯ ಹಳೆಯ ಕೆತ್ತನೆ ಬಿರಡೆಗಳ ಸಂಗ್ರಹಕ್ಕೆ ಸಮಗ್ರ ಮಾರ್ಗದರ್ಶಿ

ಬಾಟಲಿಯ ಬಾಯಿಗೆ ಸಿಕ್ಕಿಸುವ ಒಂದು ಕಾರ್ಕು, ಅದರ ಮೇಲೆ ಅಂಗೈಯಲ್ಲಿ ಅಡಗುವಷ್ಟೇ ಗಾತ್ರದ ಮರದ ಗೊಂಬೆ. ತಲೆಗೆ ಹಸಿರು ಟೊಪ್ಪಿ, ಕೆಂಪೇರಿದ ಮೂಗು, ಕೈಯಲ್ಲೊಂದು ಲೋಟ. ಬೆನ್ನ ಹಿಂದಿನ ಪುಟ್ಟ ಸನ್ನೆಯನ್ನು, ಅಂದರೆ ಒತ್ತುವ ಕೋಲನ್ನು, ಹೆಬ್ಬೆರಳಿನಿಂದ ಒತ್ತಿದರೆ ಲೋಟ ಹಿಡಿದ ಕೈ ಮೇಲೇರಿ ತುಟಿಗೆ ತಾಗುತ್ತದೆ. ಬೆರಳು ತೆಗೆದರೆ ಕೈ ತಾನಾಗಿಯೇ ಕೆಳಗಿಳಿಯುತ್ತದೆ. ವೀಣೆಯ ತಂತಿ ಬಿಗಿಯುವ ಗೂಟಕ್ಕೂ ಬಾಟಲಿಯ ಬಾಯಿ ಮುಚ್ಚುವ ಬೆಣೆಗೂ ಕನ್ನಡದಲ್ಲಿ ಬಿರಡೆ ಎಂಬ ಒಂದೇ ಹೆಸರು. ಈ ಗೊಂಬೆಗಳನ್ನು ನೋಡಿದರೆ ಆ ಹೆಸರು ಸರಿಯಾಗಿಯೇ ಒಪ್ಪುತ್ತದೆ: ಒಂದು ಕಡೆ ತಿರುಗಿಸಿದರೆ, ಒತ್ತಿದರೆ, ಇನ್ನೊಂದು ಕಡೆ ಜೀವ ಬರುವ ವಸ್ತು.

ಸಂಗ್ರಹಕ್ಕೆ ಇಳಿಯುವವರಿಗೆ ಮೊದಲೇ ಹೇಳಬೇಕಾದ ಮಾತು ಒಂದೇ. ಮುಖ ನೋಡಿ ಕೊಳ್ಳಬೇಡಿ. ಮುಖಕ್ಕೆ ಯಾರು ಬೇಕಾದರೂ ಹೊಸ ಬಣ್ಣ ಬಳಿಯಬಹುದು, ಅಚ್ಚಿನಲ್ಲಿ ಎರಕ ಹೊಯ್ದು ಅದೇ ಮುಖವನ್ನು ನೂರು ಸಲ ತೆಗೆಯಬಹುದು. ಬೆನ್ನಿನ ಸನ್ನೆ, ಒಳಗಿನ ದಾರ, ಕಾರ್ಕಿನ ತಳ, ಇವುಗಳನ್ನು ಹಾಗೆ ನಟಿಸುವಂತೆ ಮಾಡುವುದು ಕಷ್ಟ. ಕೆಳಗಿನ ಎಲ್ಲ ಹಂತಗಳೂ ಈ ಒಂದು ಮಾತಿನ ಸುತ್ತಲೇ ಇವೆ.

ಎಲ್ಲಿಂದ ಬಂದವು

ಇಂಥ ಚಲಿಸುವ ಬಿರಡೆಗಳ ತವರು ಇಟಲಿಯ ಉತ್ತರ ತುದಿಯ ಡೊಲೊಮೈಟ್ ಬೆಟ್ಟಗಳ ನಡುವಿನ ವಾಲ್ ಗಾರ್ಡೇನಾ ಕಣಿವೆ. 17ನೇ ಶತಮಾನದಿಂದಲೂ ಅಲ್ಲಿನವರ ಕಸುಬು ಮರಗೆತ್ತನೆ. ಹಿಮ ಸುರಿಯುವ ತಿಂಗಳುಗಳಲ್ಲಿ ಹೊಲದ ಕೆಲಸವಿರದ ಮನೆಗಳಲ್ಲಿ ಗೊಂಬೆ, ಆಟಿಕೆ, ಚರ್ಚಿನ ಮೂರ್ತಿಗಳು ತಯಾರಾಗುತ್ತಿದ್ದವು. 1912ರಲ್ಲಿ ಆಂಟನ್ ರಿಫೆಸ್ಸರ್ ಎಂಬುವರು ಈ ಕಸುಬನ್ನು ಒಂದು ಸಂಸ್ಥೆಯ ಅಡಿ ತಂದರು. ರೋಮನ್ ಲಿಪಿಯಲ್ಲಿ ಅವರ ಹೆಸರಿನ ಮೊದಲೆರಡು, ಅಡ್ಡಹೆಸರಿನ ಮೊದಲೆರಡು ಅಕ್ಷರ ಸೇರಿ ಆನ್ರಿ ಎಂಬ ಹೆಸರಾಯಿತು. ಸಂಗ್ರಾಹಕರ ಬಾಯಲ್ಲಿ ಇಂದು ಈ ಬಗೆಯ ಯಾವ ಬಿರಡೆಗೂ ಆನ್ರಿ ಎಂದೇ ಕರೆಯುವ ರೂಢಿ ಬಿದ್ದಿದೆ. ಅದು ಸರಿಯಲ್ಲ. ಅದೇ ಕಣಿವೆಯ ಬೇರೆ ಕಾರ್ಖಾನೆಗಳು, ಬಿಡಿ ಕೆತ್ತನೆಗಾರರು, ಜರ್ಮನಿ ಮತ್ತು ಸ್ವಿಟ್ಜರ್ಲೆಂಡಿನವರೂ ಬಿರಡೆ ಮಾಡಿದ್ದಾರೆ. ಗುರುತು ಕಣ್ಣಿಗೆ ಕಾಣದಿದ್ದರೆ ಆನ್ರಿ ಎಂಬ ಹೆಸರಿಗೆ ದುಡ್ಡು ಕೊಡಬೇಡಿ.

ಕಣಿವೆಯ ಚರಿತ್ರೆಯಲ್ಲೇ ಕಾಲನಿರ್ಣಯದ ಒಂದು ಕೀಲಿ ಇದೆ. ಮೊದಲ ಮಹಾಯುದ್ಧ ಮುಗಿಯುವವರೆಗೆ ಅದು ಆಸ್ಟ್ರಿಯಾ-ಹಂಗೆರಿಗೆ ಸೇರಿತ್ತು. 1919ರ ಸೇಂಟ್ ಜರ್ಮೇನ್ ಒಪ್ಪಂದದಲ್ಲಿ ಇಟಲಿಗೆ ಹೋಯಿತು. ಹಾಗಾಗಿ ಈ ಕಣಿವೆಯ ಬಿರಡೆಯ ಮೇಲೆ ಇಟಲಿ ಎಂಬ ಮುದ್ರೆ ಇದ್ದು, ಮಾರುವವರು ‘1900ರದ್ದು’ ಎಂದರೆ ಎರಡರಲ್ಲೊಂದು ಸುಳ್ಳು. ಸಂತೆಗಳಲ್ಲಿ, ಅಂತರ್ಜಾಲದಲ್ಲಿ ಈಗ ಸಿಗುವ ಚಲಿಸುವ ಬಿರಡೆಗಳಲ್ಲಿ ಬಹುಪಾಲು 1920ರ ದಶಕದಿಂದ 1970ರ ದಶಕದ ನಡುವಿನವು.

ಅಲ್ಲಿ ಮೂರು ಭಾಷೆಗಳಿವೆ: ಜರ್ಮನ್, ಇಟಾಲಿಯನ್ ಮತ್ತು ಕಣಿವೆಯ ಸ್ವಂತ ನುಡಿ ಲದೀನ್. ಮುಖ್ಯ ಊರನ್ನು ಇಟಾಲಿಯನ್ನರು ಒರ್ಟಿಸೇಯಿ ಎಂದರೆ ಜರ್ಮನ್ ಮಾತಾಡುವವರು ಸಾಂಕ್ಟ್ ಉಲ್ರಿಶ್ ಎನ್ನುತ್ತಾರೆ. ಕಣಿವೆಗೆ ಜರ್ಮನ್ ಹೆಸರು ಗ್ರೋಡೆನ್. ಇದು ಬರೀ ಭೂಗೋಳದ ಪಾಠವಲ್ಲ. ಹುಡುಕುವಾಗ ಈ ಹೆಸರುಗಳನ್ನು ಬದಲಿಸಿ ಹಾಕಿದರೆ ಬೇರೆ ಬೇರೆ ವಸ್ತುಗಳು ಕಣ್ಣಿಗೆ ಬೀಳುತ್ತವೆ.

ಹಂತ 1: ಏನನ್ನು ಸೇರಿಸಬೇಕೆಂದು ಮೊದಲೇ ಗೆರೆ ಎಳೆದುಕೊಳ್ಳಿ

ಕಂಡದ್ದೆಲ್ಲ ಕೊಂಡರೆ ವರ್ಷದೊಳಗೆ ಐವತ್ತು ಸಾಧಾರಣ ಗೊಂಬೆಗಳು ಕಪಾಟು ತುಂಬುತ್ತವೆ, ಒಂದೂ ಒಳ್ಳೆಯದಿರುವುದಿಲ್ಲ. ಮೂರು ಬಗೆಗಳನ್ನು ಬೇರೆಬೇರೆಯಾಗಿ ತಿಳಿಯಿರಿ.

ಮೊದಲನೆಯದು ಅಲುಗದ ಗೊಂಬೆ: ತಲೆ ಅಥವಾ ಎದೆಯವರೆಗಿನ ಆಕೃತಿ, ಕೆಳಗೆ ಕಾರ್ಕು. ಹೇರಳವಾಗಿ, ಅಗ್ಗವಾಗಿ ಸಿಗುತ್ತದೆ. ಕೆತ್ತನೆಯ ಗುಣ ತಿಳಿಯಲು ಇಲ್ಲಿಂದಲೇ ಶುರುಮಾಡುವುದು ಜಾಣತನ.

ಎರಡನೆಯದು ಸುರಿಯುವ ಬಿರಡೆ. ಕಾರ್ಕಿನ ನಡುವೆ ಲೋಹದ ಕೊಳವೆ ಇಳಿದಿರುತ್ತದೆ, ಗೊಂಬೆಯ ಬಾಯಿಯಿಂದಲೋ ಬದಿಯಿಂದಲೋ ಮೂತಿ ಹೊರಬಂದಿರುತ್ತದೆ. ಲೋಹಕ್ಕೆ ಕ್ರೋಮಿಯಂ ಲೇಪ ಇರುವುದುಂಟು. ಮದ್ಯ ಮರದ ಒಳಗೇ ಹರಿದಿರುವುದರಿಂದ ಒಳಭಾಗ ಕೊಳೆತಿರುವ ಸಂಭವ ಇವುಗಳಲ್ಲೇ ಹೆಚ್ಚು.

ಮೂರನೆಯದು ಸನ್ನೆ ಇರುವ, ಚಲಿಸುವ ಬಿರಡೆ. ಲೋಟ ಎತ್ತುವ ಕುಡುಕ, ಟೊಪ್ಪಿ ತೆಗೆದು ನಮಸ್ಕರಿಸುವವನು, ಮುತ್ತಿಡುವ ಜೋಡಿ, ಇವು ಹೆಚ್ಚು ಪ್ರಸಿದ್ಧ. ಈ ಮೂರನೆಯ ಬಗೆಯನ್ನೇ ಗುರಿಯಾಗಿಟ್ಟುಕೊಳ್ಳಿ ಎಂಬುದು ನಮ್ಮ ಸಲಹೆ. ಬೆಲೆ ಹೆಚ್ಚು, ನಿಜ. ಆದರೆ ಕೆತ್ತನೆಗಾರನ ಜಾಣ್ಮೆ ಪೂರ್ತಿ ಕಾಣುವುದು ಇಲ್ಲೇ, ನಕಲಿ ಮಾಡುವುದು ಕಷ್ಟವಾಗುವುದೂ ಇಲ್ಲೇ. ಹತ್ತು ಅಲುಗದ ಗೊಂಬೆಗಳ ಹಣದಲ್ಲಿ ಸನ್ನೆ ಸರಿಯಾಗಿ ಓಡುವ ಎರಡನ್ನು ಕೊಂಡವರು ನಷ್ಟಪಟ್ಟದ್ದು ಕಡಿಮೆ.

ಹಂತ 2: ಉಪಕರಣ

ಹತ್ತು ಪಟ್ಟು ಹಿಗ್ಗಿಸುವ ಭೂತಗನ್ನಡಿ, ಸಣ್ಣ ಟಾರ್ಚು, ವರ್ನಿಯರ್ ಕ್ಯಾಲಿಪರ್, ಅಡುಗೆಮನೆಯ ಡಿಜಿಟಲ್ ತಕ್ಕಡಿ, ಹತ್ತಿ ಸುತ್ತಿದ ಕಡ್ಡಿಗಳು. ನೋಟು ಪರೀಕ್ಷಿಸುವ ನೀಲಿ ಬೆಳಕಿನ ಟಾರ್ಚು, ಅಂದರೆ ಅತಿನೇರಳೆ ಬೆಳಕಿನದು, ಇದ್ದರೆ ಒಳ್ಳೆಯದು. ಕತ್ತಲಲ್ಲಿ ಹಿಡಿದಾಗ ಅರಗಿನ ಹಳೆಯ ಮೆರುಗು ಕಿತ್ತಳೆ ಬಣ್ಣದಲ್ಲಿ ಹೊಳೆಯುತ್ತದೆ, ಮೇಲೆ ಆಮೇಲೆ ತೀಡಿದ ಬಣ್ಣ ಕಪ್ಪು ಮಚ್ಚೆಯಂತೆ ಬೇರೆಯಾಗಿ ಕಾಣುತ್ತದೆ.

ಹಂತ 3: ಮರವೋ, ಎರಕವೋ

ಇದು ಎಲ್ಲಕ್ಕಿಂತ ಮುಖ್ಯ ಹಂತ. ಸಾವಧಾನದಿಂದ ಓದಿ.

ಅಮೆರಿಕದ ಸಿರಾಕ್ಯೂಸ್ ನಗರದಲ್ಲಿ 1890ರಲ್ಲಿ ಅಡಾಲ್ಫ್ ಹೋಲ್‌ಸ್ಟೈನ್ ಸ್ಥಾಪಿಸಿದ ಸಿರಾಕ್ಯೂಸ್ ಆರ್ನಮೆಂಟಲ್ ಕಂಪನಿ ಮರದ ಪುಡಿಗೆ ಅಂಟು ಪದಾರ್ಥ ಬೆರೆಸಿ ಅಚ್ಚಿನಲ್ಲಿ ಒತ್ತಿ ಅಲಂಕಾರದ ವಸ್ತುಗಳನ್ನು ತಯಾರಿಸುತ್ತಿತ್ತು. ಸಿರೋಕೊ ಎಂಬುದು ಅದರ ವ್ಯಾಪಾರದ ಹೆಸರು. ಬಾಟಲಿ ಓಪನರು, ಕಾರ್ಕು ತೆಗೆಯುವ ತಿರುಪುಗಳೂ ಅದರಲ್ಲಿದ್ದವು. ಮೂಲ ಮಾದರಿಯನ್ನು ಕೈಯಲ್ಲೇ ಕೆತ್ತಿ ಅದರಿಂದ ಅಚ್ಚು ತೆಗೆಯುತ್ತಿದ್ದರಿಂದ ಎರಕದ ಮೇಲೂ ಉಳಿಯ ಗುರುತು ಮೂಡಿರುತ್ತದೆ. ‘ಉಳಿ ಗುರುತು ಇದೆ, ಆದ್ದರಿಂದ ಕೈಕೆತ್ತನೆ’ ಎಂಬ ತರ್ಕ ಇಲ್ಲಿ ಕೈಕೊಡುತ್ತದೆ. ಸಿರೋಕೊ ತನ್ನಷ್ಟಕ್ಕೆ ಕೆಟ್ಟದ್ದಲ್ಲ, ಅದನ್ನೇ ಸೇರಿಸುವವರೂ ಇದ್ದಾರೆ. ಆದರೆ ಅದನ್ನು ಕೆತ್ತನೆಯ ಬೆಲೆಗೆ ಕೊಳ್ಳಬಾರದು.

ಹೀಗೆ ಪರೀಕ್ಷಿಸಿ. ಗೊಂಬೆಯ ನೆತ್ತಿ ಅಥವಾ ಟೊಪ್ಪಿಯ ಮೇಲ್ಭಾಗವನ್ನು ಭೂತಗನ್ನಡಿಯಲ್ಲಿ ನೋಡಿ. ಮರವನ್ನು ನಿಲ್ಲಿಸಿ ಕೆತ್ತಿರುವುದರಿಂದ ಅಲ್ಲಿ ಅಡ್ಡ ಕುಯ್ದ ದಿಮ್ಮಿಯಲ್ಲಿ ಕಾಣುವಂತೆ ವರ್ಷದ ಉಂಗುರದ ಬಿಲ್ಲುಗಳು ಬಣ್ಣದ ಕೆಳಗಿಂದ ಕಾಣಬೇಕು. ಕೆನ್ನೆ, ಎದೆಗಳಲ್ಲಿ ಅದೇ ಎಳೆಗಳು ಉದ್ದಕ್ಕೆ ಓಡಬೇಕು. ಮೇಲೆ ಬಿಲ್ಲು, ಬದಿಯಲ್ಲಿ ಗೆರೆ. ಇವೆರಡೂ ಒಂದಕ್ಕೊಂದು ಕೂಡಿದರೆ ಅದು ಇಡೀ ಮರ. ಎರಕದಲ್ಲಿ ಗೆರೆ ಕೊರೆದಿದ್ದರೂ ಅದು ನೆತ್ತಿಗೆ ಬಂದು ಬಿಲ್ಲಾಗುವುದಿಲ್ಲ.

ನಂತರ ಕೋಟಿನ ಮಡಿಕೆಯ ಒಳಮೂಲೆ ನೋಡಿ. ಉಳಿ ಬಿಟ್ಟ ಮೂಲೆ ಚೂಪಾಗಿರುತ್ತದೆ, ಎರಡು ಕುಯ್ತ ಸೇರುವಲ್ಲಿ ಕೂದಲೆಳೆಯಷ್ಟು ದಾಟಿ ಹೋದ ಗೀರು ಸಿಗುವುದೂ ಉಂಟು. ಎರಕದ ಮೂಲೆ ಒದ್ದೆ ಸಾಬೂನಿನಂತೆ ದುಂಡಗೆ. ಬದಿಯಲ್ಲಿ, ಕಿವಿಯ ಹಿಂದಿನಿಂದ ಭುಜದವರೆಗೆ, ಅಚ್ಚಿನ ಎರಡು ಹೋಳು ಕೂಡಿದ ಸಣ್ಣ ಏಣು ಬೆರಳಿಗೆ ಸಿಗುತ್ತದೆಯೇ ಎಂದು ಸವರಿ ನೋಡಿ. ಚಕ್ಕೆ ಎದ್ದ ಜಾಗವಿದ್ದರೆ ಇನ್ನೂ ಸುಲಭ. ಮರ ನಾರುನಾರಾಗಿ ಸೀಳುತ್ತದೆ, ಒತ್ತಿದ ಮರದ ಪುಡಿ ಬಿಸ್ಕತ್ತಿನಂತೆ ಉದುರುತ್ತದೆ, ಸುಣ್ಣದೆರಕ ಬೆಳ್ಳಗೆ ಕಾಣುತ್ತದೆ.

ತೂಕವೂ ಸಾಕ್ಷಿ ಹೇಳುತ್ತದೆ. ಆ ಕಣಿವೆಯ ನೆಚ್ಚಿನ ಮರ ಆಲ್ಪ್ಸ್ ಬೆಟ್ಟದ ಎತ್ತರದಲ್ಲಿ ಬೆಳೆಯುವ ಒಂದು ಜಾತಿಯ ಪೈನ್. ಮೃದು, ಹಗುರ, ಉಳಿಗೆ ಬೆಣ್ಣೆಯಂತೆ ಸಿಗುವ ಮರ, ಹಳೆಯದಾದರೂ ರಾಳದ ಘಮ ಬಿಡುವುದಿಲ್ಲ. ಸಾಂದ್ರತೆ ನೀರಿನ ಅರ್ಧಕ್ಕಿಂತ ಕಡಿಮೆ. ರಾಳದೆರಕ, ಸುಣ್ಣದೆರಕಗಳು ನೀರಿಗಿಂತ ಭಾರ. ಅಂದರೆ ಒಂದೇ ಗಾತ್ರದ ಎರಡರಲ್ಲಿ ಎರಕದ್ದು ಎರಡು ಪಟ್ಟಿಗೂ ಹೆಚ್ಚು ತೂಗುತ್ತದೆ. ಕೈಗೆತ್ತಿಕೊಂಡ ಕ್ಷಣವೇ ಅಂದಾಜಾಗುತ್ತದೆ. ಜಾಲದಲ್ಲಿ ಕೊಳ್ಳುವಾಗ ಕೈಗೆತ್ತಿಕೊಳ್ಳಲಾಗದು, ಅದಕ್ಕೇ ಎತ್ತರ ಮತ್ತು ತೂಕ ಎರಡನ್ನೂ ಕೇಳಿ ಬರೆಸಿಕೊಳ್ಳಿ.

ಕಾಯಿಸಿದ ಸೂಜಿ ಚುಚ್ಚಿ ವಾಸನೆ ನೋಡುವ ಪದ್ಧತಿಯನ್ನು ಕೆಲವರು ಹೇಳಿಕೊಡುತ್ತಾರೆ. ದಯವಿಟ್ಟು ಬೇಡ. ಉತ್ತರ ಸಿಗುವ ಮುಂಚೆ ವಸ್ತು ಗಾಯಗೊಂಡಿರುತ್ತದೆ.

ಇನ್ನೊಂದು ಎಚ್ಚರ. ಆ ಕಣಿವೆಯಲ್ಲಿ ಒಂದೇ ಮಾದರಿಯಿಂದ ಏಕಕಾಲಕ್ಕೆ ಹಲವು ತುಂಡುಗಳನ್ನು ಒರಟಾಗಿ ಕಡೆದು ಕೊಡುವ ಯಂತ್ರಗಳಿವೆ. ಆಮೇಲೆ ಕೈಯಿಂದ ಮುಗಿಸುತ್ತಾರೆ. ತೋಳಿನ ಕೆಳಗೆ, ಗದ್ದದ ಅಡಿಯಲ್ಲಿ ಒಂದಕ್ಕೊಂದು ಸಮಾನಾಂತರವಾದ ಸಣ್ಣ ಗೀರುಗಳು ಕಂಡರೆ ಅದು ನಕಲಿ ಎಂದು ಎಸೆಯಬೇಡಿ. ಮುಖದ ಮೇಲೆ ಉಳಿ ಆಡಿದೆಯೇ ಎಂದು ನೋಡಿ. ಆಡಿದ್ದರೆ ಅದು ಆ ಊರಿನ ಪ್ರಾಮಾಣಿಕ ಮಾಲು.

ಹಂತ 4: ಬೆನ್ನು ತಿರುಗಿಸಿ

ಸನ್ನೆಯ ವ್ಯವಸ್ಥೆ ಸರಳ. ಬೆನ್ನಿನಲ್ಲಿ ಉದ್ದನೆಯ ಗಾಡಿ, ಅಂದರೆ ತೋಡು, ಕೊರೆದಿರುತ್ತದೆ. ಅದರೊಳಗೆ ಅಡ್ಡಲಾಗಿ, ಗಾಲಿಯ ಇರಚಿಯಂತೆ, ಒಂದು ಸಣ್ಣ ತಂತಿಯ ಅಚ್ಚು, ಅಚ್ಚಿನ ಮೇಲೆ ತೂಗುವ ಸನ್ನೆ. ಸನ್ನೆಯ ಒಳತುದಿಯಿಂದ ದಾರವೋ ತಂತಿಯೋ ಹೊರಟು ಭುಜಕ್ಕೆ, ಟೊಪ್ಪಿಗೆ ಅಥವಾ ಕುತ್ತಿಗೆಗೆ ಸೇರುತ್ತದೆ. ಹೊರತುದಿಯನ್ನು ಒತ್ತಿದರೆ ಒಳತುದಿ ಎಳೆಯುತ್ತದೆ, ಬಿಟ್ಟರೆ ಕೈಯ ಭಾರವೇ, ಇಲ್ಲವೇ ಒಂದು ಪುಟ್ಟ ಸ್ಪ್ರಿಂಗು, ವಾಪಸು ತರುತ್ತದೆ.

ಪರೀಕ್ಷೆಗೆ ಬಾಟಲಿಯಲ್ಲಿಟ್ಟು ನೇರ ನಿಲ್ಲಿಸಿ. ಮಲಗಿಸಿ ಒತ್ತಿದರೆ ಭಾರದಿಂದ ವಾಪಸಾಗುವ ಗೊಂಬೆ ಕೆಟ್ಟಂತೆ ಕಾಣುತ್ತದೆ. ಸನ್ನೆಯನ್ನು ನಿಧಾನವಾಗಿ, ಕೊನೆಯವರೆಗೆ, ಮೂರು ಸಲ ಒತ್ತಿ. ಬಿಗಿ ಎನಿಸಿದ ಕೂಡಲೇ ನಿಲ್ಲಿಸಿ. ಎಷ್ಟೋ ದಶಕ ಅಲುಗದ ದಾರವನ್ನು ಬಲದಿಂದ ಎಳೆದರೆ ಮಾರುವವರ ಮುಂದೆಯೇ ತುಂಡಾಗುತ್ತದೆ.

ಸನ್ನೆ ಸಡಿಲವಾಗಿ ಜೋತಾಡುತ್ತಿದ್ದರೆ ದಾರ ಹರಿದಿದೆ. ಇದು ರಿಪೇರಿ ಆಗುವ ದೋಷ, ಬೆಲೆ ಇಳಿಸಿ ಕೊಳ್ಳಬಹುದು. ಒತ್ತಿದರೆ ಕೈ ಏರಿ ಅಲ್ಲೇ ನಿಂತರೆ ಭುಜದ ಕೀಲಿನಲ್ಲಿ ಬಣ್ಣ ಅಥವಾ ಕೊಳೆ ತುಂಬಿದೆ, ಇಲ್ಲವೇ ತೇವಕ್ಕೆ ಮರ ಉಬ್ಬಿದೆ. ಸನ್ನೆಯೇ ಮುರಿದಿದ್ದರೆ ಹೊಸದು ಮಾಡಿಸಬೇಕು, ಅದು ಮೂಲದ್ದಲ್ಲ ಎಂಬುದು ಶಾಶ್ವತವಾಗಿ ಉಳಿಯುತ್ತದೆ. ಭುಜದ ಕೀಲಿನ ಸುತ್ತ ಬಣ್ಣ ಅರ್ಧಚಂದ್ರದಂತೆ ಸವೆದಿದ್ದರೆ ಸಂತೋಷಪಡಿ. ಅದು ವರ್ಷಗಟ್ಟಲೆ ಕೈ ಆಡಿದ ಗುರುತು, ಹೊಸದಾಗಿ ಬಳಿದ ಬಣ್ಣದಲ್ಲಿ ಬರುವುದಿಲ್ಲ.

ಒಳಗಿನ ವಸ್ತುಗಳಿಂದ ಕಾಲವನ್ನೂ ಅಳೆಯಬಹುದು. ಟಾರ್ಚು ಹಿಡಿದು ನೋಡಿದಾಗ ಹೊಳೆಯುವ ನೈಲಾನ್ ದಾರ ಕಂಡರೆ ಅದು ಎರಡನೇ ಮಹಾಯುದ್ಧದ ಆಸುಪಾಸಿನ ಅಥವಾ ಆಮೇಲಿನ ಕೆಲಸ, ನೈಲಾನ್ ಜಗತ್ತಿಗೆ ಪ್ರಕಟವಾದದ್ದೇ 1938ರಲ್ಲಿ. ಕೂಡುಚಿಹ್ನೆಯ ತಲೆಯ ತಿರುಪು ಇದ್ದರೂ ಹಾಗೆಯೇ, ಅದು ಬಳಕೆಗೆ ಬಂದದ್ದು 1930ರ ದಶಕದ ನಡುವಿನ ನಂತರ. ‘ಪಶ್ಚಿಮ ಜರ್ಮನಿ’ ಎಂಬ ಮುದ್ರೆ 1949ರಿಂದ 1990ರ ನಡುವಿನದು. ಮುದ್ರೆಯೇ ಇಲ್ಲದಿದ್ದರೆ? ಗಾಬರಿ ಬೇಡ. ಕಾಗದದ ಚೀಟಿ ಅಂಟಿಸಿದ್ದು ಬಿದ್ದುಹೋಗಿರುವುದೇ ಹೆಚ್ಚು. ಕಾರ್ಕಿನ ತಳ, ಗೊಂಬೆಯ ಬುಡದ ಅಂಚು, ಬೆನ್ನಿನ ಕೆಳಭಾಗ ಈ ಮೂರು ಕಡೆ ಚೌಕಾಕಾರದ ಬೇರೆ ಛಾಯೆ ಇದೆಯೇ ನೋಡಿ. ಚೀಟಿ ಇದ್ದ ಜಾಗದಲ್ಲಿ ಬಣ್ಣ ಮಾಸಿರುವುದಿಲ್ಲ.

ಸ್ವಿಟ್ಜರ್ಲೆಂಡಿನ ಬ್ರೀಂಟ್ಸ್ ಊರಿನ ಕೆತ್ತನೆಯ ಬಗ್ಗೆ ಒಂದು ಮಾತು. ಕರಡಿ, ನಾಯಿಗಳ ತಲೆ, ಗಾಜಿನ ಕಣ್ಣು, ಬಣ್ಣ ಬಳಿಯದೆ ಕಂದು ಮೆರುಗು ಮಾತ್ರ ಕೊಟ್ಟ ಬಿರಡೆಗಳನ್ನು ವ್ಯಾಪಾರಿಗಳು ಜರ್ಮನಿಯ ‘ಬ್ಲ್ಯಾಕ್ ಫಾರೆಸ್ಟ್’ ಕೆಲಸ ಎಂದು ಮಾರುತ್ತಾರೆ. ಆ ಹೆಸರು ತಪ್ಪಾಗಿ ಅಂಟಿಕೊಂಡದ್ದು. ಆ ಶೈಲಿಯ ಬಹುಪಾಲು ಕೆಲಸ ಬ್ರೀಂಟ್ಸ್ ಸುತ್ತಲಿನದು.

ಹಂತ 5: ಹುಡುಕಾಟ ಮತ್ತು ಬೆಲೆ

ಈ ಬಿರಡೆಗಳು ಪ್ರವಾಸಿಗರ ಕೈಯಲ್ಲಿ, ಯುದ್ಧಾನಂತರ ಮನೆಗೆ ಮರಳಿದ ಸೈನಿಕರ ಚೀಲದಲ್ಲಿ ಅಮೆರಿಕ ಸೇರಿದವು. ಆದ್ದರಿಂದ ಅಮೆರಿಕದಲ್ಲಿರುವ ಕನ್ನಡಿಗರಿಗೆ ಇದು ಸುಲಭದ ಹವ್ಯಾಸ: ಹಿರಿಯರು ತೀರಿಕೊಂಡ ಮನೆಗಳ ಸಾಮಾನು ಮಾರುವ ‘ಎಸ್ಟೇಟ್ ಸೇಲ್’ಗಳಲ್ಲಿ ಅಡುಗೆಮನೆಯ ಡ್ರಾಯರ್ ತೆಗೆದು ನೋಡಿ. ಗಾಜಿನ ಕಪಾಟಿನಲ್ಲಿಟ್ಟದ್ದಕ್ಕೆ ಯಾರಾದರೂ ಬೆಲೆ ಕಟ್ಟಿರುತ್ತಾರೆ, ಚಮಚಗಳ ನಡುವೆ ಬಿದ್ದದ್ದಕ್ಕೆ ಕಟ್ಟಿರುವುದಿಲ್ಲ. ಜರ್ಮನಿಯಲ್ಲಿರುವವರಿಗೆ ಫ್ಲೋಮಾರ್ಕ್ಟ್ ಎಂಬ ವಾರದ ಹಳೆಸಾಮಾನಿನ ಸಂತೆಗಳಿವೆ.

ಊರಿನಿಂದಲೇ ಕೊಳ್ಳುವವರಿಗೆ ಇಬೇ, ಎಟ್ಸಿ ಜಾಲಗಳು. ಇಂಗ್ಲಿಷಿನಲ್ಲಿ ‘ಮೆಕ್ಯಾನಿಕಲ್ ಬಾಟಲ್ ಸ್ಟಾಪರ್’ ಎಂದಷ್ಟೇ ಹುಡುಕಬೇಡಿ. ಜರ್ಮನ್ನಿನಲ್ಲಿ ಬಿರಡೆಗೆ ‘ಫ್ಲಾಶೆನ್‌ಕೊರ್ಕೆನ್’, ಇಟಾಲಿಯನ್ನಿನಲ್ಲಿ ‘ಟಾಪ್ಪೊ’. ಆ ಪದಗಳ ಜೊತೆ ಗ್ರೋಡೆನ್, ಒರ್ಟಿಸೇಯಿ ಸೇರಿಸಿ. ಬೆಲೆ ತಿಳಿಯಲು ಕೇಳುತ್ತಿರುವ ಬೆಲೆ ನೋಡಬಾರದು, ಮಾರಾಟವಾಗಿ ಮುಗಿದ ಪಟ್ಟಿಯನ್ನೇ ನೋಡಬೇಕು. ಅದೇ ಬಗೆಯ ಹತ್ತು ಮಾರಾಟಗಳನ್ನು ಬರೆದುಕೊಳ್ಳಿ, ಮೇಲಿನ ಎರಡು ಕೆಳಗಿನ ಎರಡು ಬಿಡಿ, ಉಳಿದ ಆರರ ಸರಾಸರಿ ತೆಗೆಯಿರಿ. ದಾರ ಹರಿದಿದ್ದರೆ, ಟೊಪ್ಪಿ ಅಥವಾ ಲೋಟ ಕಳೆದಿದ್ದರೆ ಅದರ ಅರ್ಧಕ್ಕಿಂತ ಮೇಲೆ ಹೋಗಬೇಡಿ ಎಂಬುದು ನಮ್ಮ ಲೆಕ್ಕ. ಇದರ ಮೇಲೆ ಸಾಗಣೆ, ಸುಂಕ ಬೇರೆ.

ಮಾರುವವರಿಂದ ಕೇಳಬೇಕಾದ ಚಿತ್ರಗಳು ಐದು: ಮುಖ, ಬೆನ್ನು, ಕಾರ್ಕಿನ ತಳ, ನೆತ್ತಿ, ಮತ್ತು ಸನ್ನೆ ಪೂರ್ತಿ ಒತ್ತಿ ಹಿಡಿದಾಗಿನದು. ಬರೀ ಮುಖದ ಚಿತ್ರ ಹಾಕಿ ‘ಚೆನ್ನಾಗಿ ಓಡುತ್ತದೆ’ ಎಂದು ಬರೆದವರಿಂದ ಹತ್ತು ಸೆಕೆಂಡಿನ ವಿಡಿಯೊ ಕೇಳಿ. ಬೆಳ್ಳಗಿರುವುದೆಲ್ಲ ಹಾಲಲ್ಲ.

ಕಾನೂನಿನ ಎರಡು ಅಂಶ ಮರೆಯಬೇಡಿ. ಆನೆದಂತದ ತಲೆ, ಕೈ ಇರುವ ಬಿರಡೆಗಳೂ ಇವೆ. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಅಡಿ ದಂತದ ವ್ಯಾಪಾರ ನಿಷಿದ್ಧ. ಎಷ್ಟೇ ಚೆಂದವಿದ್ದರೂ ಮುಟ್ಟಬೇಡಿ. ಹಾಗೆಯೇ 100 ವರ್ಷ ದಾಟಿದ ಕಲಾವಸ್ತುಗಳಿಗೆ ಅದೇ 1972ರ ಪುರಾವಸ್ತು ಮತ್ತು ಕಲಾನಿಧಿ ಕಾಯ್ದೆ ಅನ್ವಯಿಸುತ್ತದೆ. ತೀರ ಹಳೆಯದನ್ನು ದೇಶದಿಂದ ಹೊರಗೆ ಮಾರುವ, ಕಳಿಸುವ ಮುನ್ನ ಭಾರತೀಯ ಪುರಾತತ್ತ್ವ ಸರ್ವೇಕ್ಷಣಾ ಇಲಾಖೆಯಲ್ಲಿ ವಿಚಾರಿಸಿ.

ಹಂತ 6: ಮನೆಗೆ ಬಂದ ಮೊದಲ ಹದಿನೈದು ದಿನ

ಹೊಸ ಬಿರಡೆಯನ್ನು ಬಂದ ದಿನವೇ ಉಳಿದವುಗಳ ಪಕ್ಕ ಇಡಬೇಡಿ. ಕಪ್ಪು ಕಾಗದದ ಮೇಲೆ ನಿಲ್ಲಿಸಿ, ಮೇಲೆ ಪಾರದರ್ಶಕ ಡಬ್ಬ ಕವುಚಿ ಹದಿನೈದು ದಿನ ಬಿಡಿ. ಕಾಗದದ ಮೇಲೆ ನಸುಹಳದಿ ಪುಡಿ ಬಿದ್ದರೆ ಕುಟ್ಟೆ ಹಿಡಿದಿದೆ ಎಂದೇ ಅರ್ಥ. ಯುರೋಪಿನ ಕುಟ್ಟೆಹುಳು 1.5ರಿಂದ 2 ಮಿ.ಮೀ. ಅಗಲದ ದುಂಡು ತೂತು ಮಾಡಿ ಹೊರಬರುತ್ತದೆ. ತೂತಿನ ಒಳಗೋಡೆ ಕಪ್ಪಾಗಿದ್ದರೆ ಹಳೆಯ ಕಥೆ, ಹೊಸ ಮರದಂತೆ ಬೆಳ್ಳಗಿದ್ದರೆ ಹುಳು ಇನ್ನೂ ಒಳಗಿರಬಹುದು.

ಮದ್ದು ಚಳಿ. ಬಿರಡೆಯನ್ನು ಟಿಶ್ಯೂ ಕಾಗದದಲ್ಲಿ ಸುತ್ತಿ, ಜಿಪ್ ಇರುವ ದಪ್ಪ ಪ್ಲಾಸ್ಟಿಕ್ ಚೀಲದಲ್ಲಿಟ್ಟು, ಗಾಳಿ ಒತ್ತಿ ತೆಗೆದು ಮುಚ್ಚಿ. ಮೈನಸ್ 18 ಡಿಗ್ರಿ ಅಥವಾ ಅದಕ್ಕಿಂತ ಕೆಳಗೆ 14 ದಿನ ಇಡಿ. ಒಂದೇ ಬಾಗಿಲಿನ ಫ್ರಿಜ್ಜಿನ ಮೇಲಿನ ಐಸ್ ಖಾನೆ ಎಷ್ಟೋ ಸಲ ಅಷ್ಟು ತಣ್ಣಗಾಗುವುದಿಲ್ಲ, ಮೊದಲು ಥರ್ಮಾಮೀಟರ್ ಇಟ್ಟು ಖಾತ್ರಿ ಮಾಡಿಕೊಳ್ಳಿ. ಅರೆಚಳಿಗೆ ಹುಳು ಸಾಯುವುದಿಲ್ಲ, ಮಲಗಿ ಏಳುತ್ತದೆ. ಹೊರತೆಗೆದ ಮೇಲೆ ಚೀಲ ಬಿಚ್ಚದೆ 24 ಗಂಟೆ ಬಿಡಿ. ಕೂಡಲೇ ಬಿಚ್ಚಿದರೆ ಗಾಳಿಯ ತೇವ ತಣ್ಣನೆ ಮರದ ಮೇಲೆ ಹನಿಗಟ್ಟಿ ಬಣ್ಣ ಏಳುತ್ತದೆ. ಸುಣ್ಣದ ದಪ್ಪ ಲೇಪದ ಮೇಲೆ ಬಣ್ಣ ಬಳಿದ ಗೊಂಬೆಗೆ ಈ ಚಿಕಿತ್ಸೆ ಬೇಡ, ಲೇಪ ಬಿರುಕು ಬಿಡುತ್ತದೆ. ಸೀಮೆಎಣ್ಣೆ, ಗೆದ್ದಲಿನ ಔಷಧಿ ಯಾವುದಕ್ಕೂ ಬೇಡ. ಬಣ್ಣ ಕರಗುತ್ತದೆ.

ಹಂತ 7: ಶುಚಿ

ಮೃದುವಾದ ಒಣ ಬ್ರಶ್ಶಿನಿಂದ ಧೂಳು ತೆಗೆಯಿರಿ. ಹೋಗದ ಕೊಳೆಗೆ ಬಟ್ಟಿ ಇಳಿಸಿದ ನೀರಿನಲ್ಲಿ ಅದ್ದಿ, ಹಿಂಡಿ, ಬಹುತೇಕ ಒಣಗಿದ ಹತ್ತಿಕಡ್ಡಿ ಸಾಕು. ಬುಡದ ಕಾಣದ ಮೂಲೆಯಲ್ಲಿ ಮೊದಲು ಉರುಳಿಸಿ. ಹತ್ತಿಗೆ ಬೂದು ಬಣ್ಣ ಬಂದರೆ ಕೊಳೆ, ಹಸಿರೋ ಕೆಂಪೋ ಬಂದರೆ ಗೊಂಬೆಯ ಬಣ್ಣ. ಅಲ್ಲಿಗೇ ನಿಲ್ಲಿಸಿ. ಸ್ಪಿರಿಟ್, ಸ್ಯಾನಿಟೈಸರ್, ನೇಲ್ ಪಾಲಿಶ್ ತೆಗೆಯುವ ದ್ರವ ಬೇಡವೇ ಬೇಡ. ಅರಗಿನ ಮೆರುಗು ಮದ್ಯಸಾರದಲ್ಲಿ ಕರಗುವಂಥದ್ದು. ಕೊಬ್ಬರಿ ಎಣ್ಣೆ ಸವರಿ ಹೊಳಪು ಬರಿಸುವ ಆಸೆಯನ್ನೂ ಬಿಡಿ: ಎಣ್ಣೆ ಎಳೆಗಳೊಳಗೆ ಇಳಿದು ಕಪ್ಪಾಗುತ್ತದೆ, ಧೂಳು ಹಿಡಿಯುತ್ತದೆ, ಮತ್ತೆ ತೆಗೆಯಲು ಬರುವುದಿಲ್ಲ.

ಹಂತ 8: ದಾರ ಬದಲಿಸುವುದು

ಬೇಕಾದದ್ದು ಅರ್ಧ ಮಿ.ಮೀ. ದಪ್ಪದ ನಾರಗಸೆ ಅಥವಾ ಹತ್ತಿಯ ದಾರ, ತುದಿ ಕೊಕ್ಕೆಯಂತೆ ಬಾಗಿಸಿದ ಗಿಟಾರಿನ ಸಣ್ಣ ತಂತಿ, ಚಿಮಟ, ಟಾರ್ಚು. ನೈಲಾನ್ ಬೇಡ. ಗಂಟು ಜಾರುತ್ತದೆ, ಮೃದು ಮರವನ್ನು ಗರಗಸದಂತೆ ಕೊರೆಯುತ್ತದೆ.

ಹಳೆಯ ದಾರದ ತುಂಡುಗಳನ್ನು ಚಿಮಟದಿಂದ ತೆಗೆದು ಅವುಗಳ ಒಟ್ಟು ಉದ್ದ ಅಳೆದುಕೊಳ್ಳಿ. ಅಚ್ಚಿನ ತಂತಿಯನ್ನು ಸುಮ್ಮನೆ ಎಳೆಯಬೇಡಿ, ತುಕ್ಕು ಹಿಡಿದಿದ್ದರೆ ಮರವನ್ನೂ ಸೀಳಿಕೊಂಡು ಬರುತ್ತದೆ. ಕೈಯ ಕಡೆಯಿಂದ ಕೊಕ್ಕೆ ಇಳಿಸಿ, ಬೆನ್ನಿನ ಗಾಡಿಯಲ್ಲಿ ಅದಕ್ಕೆ ಹೊಸ ದಾರ ಸಿಕ್ಕಿಸಿ ಮೇಲೆಳೆಯಿರಿ. ಮೇಲಿನ ತುದಿ ಮೊದಲು ಕಟ್ಟಿ. ಕೆಳಗಿನ ಗಂಟಿನಲ್ಲೇ ಇಡೀ ಗುಟ್ಟು ಇರುವುದು: ಕೈ ಪೂರ್ತಿ ಕೆಳಗಿದ್ದು, ಸನ್ನೆ ಪೂರ್ತಿ ಮೇಲಿದ್ದಾಗ ದಾರದಲ್ಲಿ ಒಂದು ಮಿ.ಮೀ.ನಷ್ಟು ಸಡಿಲ ಉಳಿಯಬೇಕು. ಬಿಗಿಯಾದರೆ ಕೈ ಪೂರ್ತಿ ಇಳಿಯುವುದಿಲ್ಲ, ಲೋಟ ಎದೆಯ ಮಟ್ಟದಲ್ಲೇ ನಿಲ್ಲುತ್ತದೆ. ಸಡಿಲ ಹೆಚ್ಚಾದರೆ ಸನ್ನೆ ಕೊನೆಮುಟ್ಟಿದರೂ ಲೋಟ ತುಟಿಗೆ ತಾಗುವುದಿಲ್ಲ. ಮೊದಲು ಬಿಚ್ಚಲು ಬರುವ ಕುಣಿಕೆ ಹಾಕಿ ಹತ್ತು ಸಲ ಒತ್ತಿ ನೋಡಿ, ಆಮೇಲೆ ಬಿಗಿಗಂಟು. ಗಂಟು ಬಿಚ್ಚದಂತೆ ಸ್ಪಿರಿಟ್ಟಿನಲ್ಲಿ ಕರಗಿಸಿದ ಅರಗನ್ನು ಸೂಜಿತುದಿಯಲ್ಲಿ ಒಂದೇ ಹನಿ, ಗಂಟಿಗೆ ಮಾತ್ರ. ಸೂಪರ್ ಗ್ಲೂ ಬೇಡ. ಅದು ದಾರದುದ್ದಕ್ಕೂ ಹೀರಿಕೊಂಡು ಕೀಲನ್ನೇ ಕಲ್ಲು ಮಾಡುತ್ತದೆ, ಅದರ ಆವಿ ಸುತ್ತಲ ಬಣ್ಣದ ಮೇಲೆ ಬಿಳಿ ಪೊರೆ ಕೂರಿಸುತ್ತದೆ.

ಕೀಲು ಬಿಗಿಯಾಗಿದ್ದರೆ ಎಣ್ಣೆ ಬಿಡದೆ ಪೆನ್ಸಿಲ್ಲಿನ ಸೀಸವನ್ನು ಹೆರೆದು ಆ ಪುಡಿಯನ್ನು ಸಣ್ಣ ಬ್ರಶ್ಶಿನಲ್ಲಿ ತಾಗಿಸಿ.

ಹಂತ 9: ಕಾರ್ಕು

ಕಾರ್ಕು ಗಟ್ಟಿಯಾಗಿ ನಿಂತಿದ್ದರೆ ಅದನ್ನು ಬದಲಿಸಬೇಡಿ, ಎಷ್ಟೇ ಕರೆಗಟ್ಟಿದ್ದರೂ. ಅದು ವಸ್ತುವಿನ ಅಂಗ. ಪುಡಿಯಾಗಿ ಉದುರುತ್ತಿದ್ದರೆ ಮಾತ್ರ ಕೈ ಹಾಕಿ.

ಗೊಂಬೆಯ ತಲೆ ಹಿಡಿದು ತಿರುಚಿ ಎಳೆಯುವುದು ಎಲ್ಲರೂ ಮಾಡುವ ತಪ್ಪು. ಬುಡದಿಂದ ಕಾರ್ಕಿನೊಳಗೆ ಇಳಿದಿರುವ ಗೂಟ ಮುರಿಯುತ್ತದೆ. ಬುಡವನ್ನೇ ಹಿಡಿದು, ತೆಳು ಬ್ಲೇಡಿನಿಂದ ಕಾರ್ಕನ್ನು ಉದ್ದಕ್ಕೆ ನಾಲ್ಕು ಕಡೆ ಗೂಟ ಮುಟ್ಟುವವರೆಗೆ ಸೀಳಿ, ಕಿತ್ತಳೆ ತೊಳೆಯಂತೆ ಬಿಡಿಸಿ. ತುಂಡುಗಳನ್ನು ಚೀಲದಲ್ಲಿ ಹಾಕಿ ಬಿರಡೆಯ ಸಂಖ್ಯೆ ಬರೆದಿಡಿ.

ಹೊಸದು ಅಖಂಡ ಕಾರ್ಕು ಇರಲಿ, ಪುಡಿ ಅಂಟಿಸಿ ಮಾಡಿದ್ದಲ್ಲ. ವೈನ್ ಬಾಟಲಿಯ ಬಾಯಿಯ ಒಳವ್ಯಾಸ ಸುಮಾರು 18.5 ಮಿ.ಮೀ. ಹಾಗಾಗಿ ಮೇಲೆ 22, ಕೆಳಗೆ 18 ಮಿ.ಮೀ. ಇರುವ, ಕೆಳಗೆ ಕಿರಿದಾಗುತ್ತ ಹೋಗುವ ಕಾರ್ಕು ಹೊಂದುತ್ತದೆ. ಬೇರೆ ಬಾಟಲಿಗೆ ಮಾಡಿದ ಬಿರಡೆಯಾದರೆ ಹಳೆಯದರ ಅಳತೆಯೇ ಆಧಾರ. ಐದು ನಿಮಿಷ ಹಬೆಯಲ್ಲಿಟ್ಟರೆ ಮೆತ್ತಗಾಗಿ ಕೊರೆಯುವಾಗ ಚೂರಾಗುವುದಿಲ್ಲ. ಗೂಟಕ್ಕಿಂತ ಅರ್ಧ ಮಿ.ಮೀ. ಕಿರಿದಾದ ಹಿತ್ತಾಳೆ ಕೊಳವೆಯ ಅಂಚನ್ನು ಹರಿತ ಮಾಡಿ, ಒತ್ತಡ ಹಾಕದೆ ಕೈಯಿಂದ ತಿರುಗಿಸುತ್ತ ಮೇಲಿನಿಂದ ಅರ್ಧ, ಕೆಳಗಿನಿಂದ ಅರ್ಧ ಕೊರೆಯಿರಿ. ಒಂದೇ ಕಡೆಯಿಂದ ಕೊರೆದರೆ ತೂತು ಓರೆಯಾಗಿ ಗೊಂಬೆ ಬಾಟಲಿಯ ಮೇಲೆ ವಾಲಿ ನಿಲ್ಲುತ್ತದೆ. ಒಂದು ದಿನ ಒಣಗಿಸಿ ತೊಡಿಸಿ. ಬಿಗಿತವೇ ಸಾಕು, ಅಂಟು ಬೇಕೇ ಬೇಕೆಂದರೆ ಬಿಸಿನೀರಿಗೆ ಬಿಡಿಸಿಕೊಳ್ಳುವ ಪ್ರಾಣಿಜನ್ಯ ಅಂಟು ಒಂದು ಹನಿ. ಫೆವಿಕಾಲ್ ಒಮ್ಮೆ ಗಟ್ಟಿಯಾದರೆ ಮುಂದಿನವರು ಕಾರ್ಕು ಬದಲಿಸುವಾಗ ಗೂಟದ ನಾರೇ ಕಿತ್ತು ಬರುತ್ತದೆ. ತೊಡಿಸಿದ ಮೇಲೆ ಸನ್ನೆ ಒತ್ತಿ ನೋಡುವುದನ್ನು ಮರೆಯಬೇಡಿ. ಕಾರ್ಕಿನ ಮೇಲಂಚು ಗಾಡಿಯೊಳಗೆ ಚಾಚಿದರೆ ಸನ್ನೆ ಅರ್ಧಕ್ಕೇ ನಿಲ್ಲುತ್ತದೆ.

ಹಂತ 10: ಇಡುವ ಬಗೆ

ನಮ್ಮ ಹವೆಯಲ್ಲಿ ದೊಡ್ಡ ಶತ್ರು ಮಳೆಗಾಲ. ಮಂಗಳೂರು, ಮಡಿಕೇರಿಯ ಜುಲೈ ತಿಂಗಳಲ್ಲಿ ಕಾರ್ಕು ಬೂಸಲು ಹಿಡಿಯುತ್ತದೆ, ಮರ ಉಬ್ಬಿ ಕೀಲು ಕಚ್ಚುತ್ತದೆ. ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ ಅದೇ ಮರ ಕುಗ್ಗಿ ನೆತ್ತಿಯಿಂದ ಬಿರುಕು ಬಿಡುತ್ತದೆ. ತೇವಾಂಶ ಶೇ 45ರಿಂದ 60ರ ನಡುವೆ ನಿಂತರೆ ಒಳ್ಳೆಯದು. ಗಾಜಿನ ಬಾಗಿಲಿನ, ಗೋಡೆಗೆ ತಾಗದ ಕಪಾಟಿನಲ್ಲಿ ತೇವಮಾಪಕ ಇಡಿ, ಶೇ 65 ದಾಟಿದಾಗ ಸಿಲಿಕಾ ಜೆಲ್ ಹಾಕಿ, 50ಕ್ಕೆ ಇಳಿದಾಗ ತೆಗೆಯಿರಿ. ಹಾಕಿ ಮರೆತುಬಿಟ್ಟರೆ ಅತಿಯಾಗಿ ಒಣಗುತ್ತದೆ. ನುಸಿಗುಳಿಗೆ ಬೇಡ, ಅದರ ಆವಿಗೆ ಕೆಲವು ಹಳೆಯ ಮೆರುಗುಗಳು ಮೆತ್ತಗಾಗುತ್ತವೆ.

ನಿಲ್ಲಿಸಲು ಮರದ ಹಲಗೆಯಲ್ಲಿ ಕಾರ್ಕಿಗಿಂತ 2 ಮಿ.ಮೀ. ಅಗಲದ ತೂತು ಕೊರೆಸಿ. ಕಾರ್ಕು ಅದರಲ್ಲಿ ಸಡಿಲವಾಗಿ ಇಳಿದು ಗೊಂಬೆಯ ಬುಡ ಹಲಗೆಯ ಮೇಲೆ ಕೂರಬೇಕು, ಕಾರ್ಕು ಸದಾ ಒತ್ತಿಕೊಂಡಿದ್ದರೆ ಸ್ಥಿತಿಸ್ಥಾಪಕತೆ ಕಳೆದುಕೊಂಡು ಕುಗ್ಗುತ್ತದೆ. ಮದ್ಯ ತುಂಬಿದ ಬಾಟಲಿಗೆ ಹಾಕಿಡುವುದಂತೂ ಬೇಡ, ಆವಿ ಮೇಲೇರಿ ಬುಡದ ಬಣ್ಣ ಅಂಟಂಟಾಗುತ್ತದೆ. ಕಿಟಕಿಯ ಬಿಸಿಲು ತಾಗದ ಜಾಗ ನೋಡಿ, ಕೆಂಪು ಬಣ್ಣ ಎಲ್ಲಕ್ಕಿಂತ ಮೊದಲು ಮಾಸುತ್ತದೆ.

ಪ್ರತಿಯೊಂದಕ್ಕೂ ಸಂಖ್ಯೆ ಕೊಟ್ಟು ಕಾರ್ಕಿನ ಕತ್ತಿಗೆ ಹತ್ತಿದಾರದಲ್ಲಿ ಚೀಟಿ ಕಟ್ಟಿ, ಮರದ ಮೇಲೆ ಏನನ್ನೂ ಬರೆಯಬೇಡಿ. ಪುಸ್ತಕದಲ್ಲಿ ಎತ್ತರ, ತೂಕ, ಕಾರ್ಕಿನ ಎರಡು ವ್ಯಾಸ, ಏನು ಚಲಿಸುತ್ತದೆ, ಗುರುತು ಎಲ್ಲಿದೆ, ಎಲ್ಲಿ ಯಾವಾಗ ಎಷ್ಟಕ್ಕೆ ಕೊಂಡದ್ದು, ಯಾವ ರಿಪೇರಿ ಯಾವ ವಸ್ತುವಿನಿಂದ ಮಾಡಿದ್ದು, ಇಷ್ಟೂ ಇರಲಿ. ಮುಖದ ಚಿತ್ರದ ಪಕ್ಕದಲ್ಲೇ ಬೆನ್ನಿನ ಚಿತ್ರವನ್ನೂ ಅಂಟಿಸಿ. ಮೂರು ತಿಂಗಳಿಗೊಮ್ಮೆ, ಮಳೆಗಾಲದಲ್ಲಾದರೆ ತಿಂಗಳಿಗೊಮ್ಮೆ, ಎಲ್ಲವನ್ನೂ ಇಳಿಸಿ ಕಾಗದದ ಮೇಲೆ ಪುಡಿ ಬಿದ್ದಿದೆಯೇ ನೋಡಿ, ಸನ್ನೆಯನ್ನು ಎರಡು ಸಲ ಮೆಲ್ಲಗೆ ಒತ್ತಿ ಮತ್ತೆ ಹಲಗೆಗೆ ಏರಿಸಿ.